ಸಮಯದ ಬೀಗವಿರುವ ಮೊಬೈಲ್ ಪೆಟ್ಟಿಗೆ: ಪರೀಕ್ಷೆಯ ವರ್ಷದ ಬಳಕೆ

ಆನ್‌ಲೈನ್ ಅಂಗಡಿಗಳಲ್ಲಿ ‘ಟೈಮ್ ಲಾಕ್ ಬಾಕ್ಸ್’ ಎಂಬ ಹೆಸರಿನಲ್ಲಿ ಸಿಗುವ ಪ್ಲಾಸ್ಟಿಕ್ ಪೆಟ್ಟಿಗೆಯ ಕೆಲಸ ಬಹಳ ಸರಳ. ಮೊಬೈಲನ್ನು ಒಳಗಿಟ್ಟು, ಮುಚ್ಚಳದ ನಡುವಿನ ಗುಂಡಿಯನ್ನು ತಿರುಗಿಸಿ ಸಮಯವನ್ನು ಆರಿಸಿ, ಒಮ್ಮೆ ಒತ್ತಿದರೆ ಐದು ಸೆಕೆಂಡುಗಳ ಎಣಿಕೆ ಶುರುವಾಗುತ್ತದೆ. ಅಷ್ಟರೊಳಗೆ ಮನಸ್ಸು ಬದಲಾಗದಿದ್ದರೆ ಮುಚ್ಚಳದ ಅಂಚಿನಿಂದ ಎರಡು ಚಿಲಕಗಳು ಹೊರಚಾಚಿ ಪೆಟ್ಟಿಗೆಯ ಗೋಡೆಯನ್ನು ಕಚ್ಚಿಕೊಳ್ಳುತ್ತವೆ. ಆಮೇಲೆ ಆರಿಸಿದ ಸಮಯ ಮುಗಿಯುವವರೆಗೆ ಅದನ್ನು ತೆರೆಯಲು ಕೀಲಿಯೂ ಇಲ್ಲ, ಗುಪ್ತ ಸಂಖ್ಯೆಯೂ ಇಲ್ಲ. ಒಂದೇ ಅಚ್ಚಿನಲ್ಲಿ ತಯಾರಾದಂತೆ ಕಾಣುವ ಇಂಥ ಪೆಟ್ಟಿಗೆಗಳು ಬೇರೆ ಬೇರೆ ಹೆಸರುಗಳಲ್ಲಿ ಮಾರಾಟವಾಗುತ್ತಿರುವುದರಿಂದ ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲ. ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿರುವ ಮಗಳು ಮತ್ತು ಎಸ್ಸೆಸ್ಸೆಲ್ಸಿಯಲ್ಲಿರುವ ಮಗ ಇಬ್ಬರಿಗೂ ಸೇರಿಸಿ ಒಂದನ್ನು ಸುಮಾರು ಒಂದೂವರೆ ಸಾವಿರ ರೂಪಾಯಿಗೆ ತರಿಸಿದ್ದೆವು.

ಬಳಕೆಗೆ ಮಿತಿ ಹಾಕುವ ಸೌಲಭ್ಯ ಮೊಬೈಲಿನಲ್ಲಿಯೇ ಇರುವಾಗ ಇದಕ್ಕೆ ಬೇರೆ ದುಡ್ಡು ಏಕೆ ಎಂಬ ಪ್ರಶ್ನೆ ಸಹಜ. ಆಂಡ್ರಾಯ್ಡ್‌ನ ‘ಡಿಜಿಟಲ್ ವೆಲ್‌ಬೀಯಿಂಗ್’ ಮತ್ತು ಐಫೋನಿನ ‘ಸ್ಕ್ರೀನ್ ಟೈಮ್’ ಎರಡೂ 2018ರಲ್ಲಿ ಬಂದವು, ಎರಡೂ ಉಚಿತ. ಯಾವ ಆ್ಯಪ್‌ನಲ್ಲಿ ಎಷ್ಟು ಹೊತ್ತು ಕಳೆಯಿತು ಎಂಬ ಲೆಕ್ಕವನ್ನು ಅವು ಚೆನ್ನಾಗಿಯೇ ತೋರಿಸುತ್ತವೆ, ಆ ಲೆಕ್ಕವನ್ನು ಒಂದು ಸಲವಾದರೂ ನೋಡುವುದು ಎಲ್ಲರಿಗೂ ಒಳ್ಳೆಯದು. ಆದರೆ ತಾನೇ ಹಾಕಿಕೊಂಡ ಮಿತಿಯನ್ನು ತಾನೇ ಸೆಟ್ಟಿಂಗ್ಸ್‌ಗೆ ಹೋಗಿ ತೆಗೆಯಬಹುದು. ತೆಗೆಯಲು ಬೇಕಾದ ಫೋನು ಅದಾಗಲೇ ಕೈಯಲ್ಲಿರುತ್ತದೆ. ಮೊಬೈಲನ್ನು ಕಾಯುವ ಕೆಲಸವನ್ನು ಮೊಬೈಲಿಗೇ ಒಪ್ಪಿಸಿದರೆ ಬೇಲಿಯೇ ಎದ್ದು ಹೊಲ ಮೇಯುವುದು ತಪ್ಪುವುದಿಲ್ಲ. ಪೆಟ್ಟಿಗೆಯ ಮೊದಲ ಗುಣವೆಂದರೆ ಅದು ಮೊಬೈಲಿನ ಹೊರಗಿದೆ ಎಂಬುದೇ.

ಎರಡನೆಯ ಗುಣ ಇನ್ನೂ ಮುಖ್ಯವಾದದ್ದು. ಓದುವ ಮಕ್ಕಳಿಗೆ ನಾವು ಮನಸ್ಸನ್ನು ಹಿಡಿತದಲ್ಲಿಟ್ಟುಕೊ ಎಂದು ಹೇಳುವಾಗ, ಆಸೆ ಹುಟ್ಟಿದ ಕ್ಷಣದಲ್ಲಿ ಅದರೊಡನೆ ಹೋರಾಡು ಎಂದೇ ನಮ್ಮ ಅರ್ಥ. ಆ ಹೋರಾಟದಲ್ಲಿ ಮಕ್ಕಳಷ್ಟೇ ಅಲ್ಲ, ದೊಡ್ಡವರೂ ಸೋಲುತ್ತಾರೆ. ಅಮೆರಿಕದ ಮನೋವಿಜ್ಞಾನಿ ಆ್ಯಂಜೆಲಾ ಡಕ್ವರ್ತ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅಡ್ಡಿಯಾಗುವ ವಸ್ತುವನ್ನು ಮೊದಲೇ ದೂರವಿಟ್ಟು ತಮ್ಮ ಸುತ್ತಲಿನ ಸನ್ನಿವೇಶವನ್ನೇ ಬದಲಿಸಿಕೊಳ್ಳುವಂತೆ ಸೂಚನೆ ಪಡೆದ ವಿದ್ಯಾರ್ಥಿಗಳು, ಆಸೆಯನ್ನು ಮನೋಬಲದಿಂದಲೇ ತಡೆಯುವಂತೆ ಸೂಚನೆ ಪಡೆದವರಿಗಿಂತ ತಮ್ಮ ಓದಿನ ಗುರಿಯನ್ನು ಹೆಚ್ಚು ಚೆನ್ನಾಗಿ ಮುಟ್ಟಿದರು. ಸಂಜೆ ಆರು ಗಂಟೆಗೆ, ಮನಸ್ಸು ಇನ್ನೂ ತಿಳಿಯಾಗಿರುವಾಗ ತೆಗೆದುಕೊಂಡ ತೀರ್ಮಾನವನ್ನು ಏಳೂವರೆಯ ದಣಿದ ಮನಸ್ಸು ಮುರಿಯದಂತೆ ಕಾಯುವುದು ಈ ಪೆಟ್ಟಿಗೆಯ ಕೆಲಸ. ಮಗಳ ವಿಷಯದಲ್ಲಿ ಆದದ್ದೂ ಹೆಚ್ಚುಕಡಿಮೆ ಇದೇ. ಅವಳ ಮನೋಬಲ ಹೆಚ್ಚಿತೋ ಇಲ್ಲವೋ ನಾನು ಹೇಳಲಾರೆ. ಅದನ್ನು ಬಳಸಬೇಕಾದ ಪ್ರಸಂಗಗಳು ಮಾತ್ರ ಕಡಿಮೆಯಾದವು.

ಕೊಳ್ಳುವಾಗ ಪಾರದರ್ಶಕ ಪೆಟ್ಟಿಗೆ ಮತ್ತು ಬಿಳಿಯ, ಒಳಗಿನದು ಕಾಣದ ಪೆಟ್ಟಿಗೆ ಎಂಬ ಎರಡು ಬಗೆ ಎದುರಾಗುತ್ತವೆ. ಚಿತ್ರದಲ್ಲಿ ಪಾರದರ್ಶಕವೇ ಚೆಂದ ಕಾಣುತ್ತದೆ, ಆದರೆ ಓದುವವರಿಗೆ ಬೇಕಾದದ್ದು ಕಾಣದ ಪೆಟ್ಟಿಗೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿ ವಾಲ್ಟರ್ ಮಿಶೆಲ್ ಪುಟ್ಟ ಮಕ್ಕಳೊಡನೆ ನಡೆಸಿದ ಪ್ರಸಿದ್ಧ ಪ್ರಯೋಗಗಳಲ್ಲಿ, 1970ರಲ್ಲಿ ಪ್ರಕಟವಾದ ಒಂದರ ಫಲಿತಾಂಶ ಇದಕ್ಕೆ ನೇರವಾಗಿ ಸಂಬಂಧಿಸಿದ್ದು: ಸ್ವಲ್ಪ ಕಾದರೆ ಹೆಚ್ಚು ಇಷ್ಟದ ತಿಂಡಿ ಸಿಗುತ್ತದೆ ಎಂದು ಹೇಳಿದಾಗ, ತಿಂಡಿ ಕಣ್ಣೆದುರಿಗಿದ್ದರೆ ಕಾಯಲು ಚಡಪಡಿಸಿದ ಮಕ್ಕಳು, ಅದು ಮರೆಯಲ್ಲಿದ್ದಾಗ ಬಹಳ ಹೆಚ್ಚು ಹೊತ್ತು ಕಾದರು. ಪಾರದರ್ಶಕ ಗೋಡೆಯ ಹಿಂದೆ ಪರದೆ ಬೆಳಗುತ್ತಿದ್ದರೆ ಭೌತಶಾಸ್ತ್ರದ ಲೆಕ್ಕ ಮುಂದೆ ಸಾಗುವುದಿಲ್ಲ. ಇನ್ನೊಂದು ಮಾತು: ಫೋನನ್ನು ಸ್ವಿಚ್ ಆಫ್ ಮಾಡಿಯೇ ಒಳಗಿಡಬೇಕು. ವೈಬ್ರೇಟ್ ಆಗುವ ಫೋನು ಟೊಳ್ಳು ಪ್ಲಾಸ್ಟಿಕ್ಕಿನೊಳಗೆ ಮಾಡುವ ಸದ್ದು ರಿಂಗ್‌ಟೋನಿಗಿಂತ ಕೆಟ್ಟದು.

ಇಷ್ಟೆಲ್ಲ ಹೊಗಳಿದರೂ ಒಂದೇ ಪೆಟ್ಟಿಗೆ ಒಂದೇ ಮನೆಯಲ್ಲಿ ಇಬ್ಬರಿಗೆ ಎರಡು ರೀತಿ ಆಯಿತು ಎಂಬುದನ್ನು ಹೇಳದಿದ್ದರೆ ಈ ವಿಮರ್ಶೆ ಅರ್ಧವಾಗುತ್ತದೆ. ಮಗಳು ತಾನೇ ಸಮಯ ಆರಿಸಿ ತಾನೇ ಗುಂಡಿ ಒತ್ತುತ್ತಾಳೆ. ಕೆಲವು ದಿನ ನಲವತ್ತು ನಿಮಿಷ, ಕೆಲವು ದಿನ ಎರಡು ಗಂಟೆ. ಮಗನ ಫೋನನ್ನು ಅವರಪ್ಪ ಕಸಿದು ಒಳಗಿಟ್ಟು ಮೂರು ಗಂಟೆಗಳ ಅವಧಿಗೆ ಬೀಗ ಹಾಕುತ್ತಿದ್ದರು. ಅವನು ಪುಸ್ತಕ ತೆರೆದು ಕುಳಿತು, ಪುಟಕ್ಕಿಂತ ಹೆಚ್ಚಾಗಿ ಮುಚ್ಚಳದ ಮೇಲೆ ಇಳಿಯುತ್ತಿದ್ದ ಅಂಕಿಗಳನ್ನೇ ಓದುತ್ತಿದ್ದ. “ಅಪ್ಪ, ಅಕ್ಕನಿಗೆ ಎಷ್ಟು ಹೊತ್ತು ಅಂತ ಅವಳೇ ಹೇಳ್ತಾಳೆ, ನನಗೆ ಮಾತ್ರ ನೀವ್ಯಾಕೆ ಹೇಳೋದು?” ಎಂಬ ಅವನ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಸಮಯವನ್ನು ಅವನ ಆಯ್ಕೆಗೇ ಬಿಟ್ಟ ಮೇಲೆ ಅವನು ಆರಿಸಿದ್ದು ಇಪ್ಪತ್ತೈದು ನಿಮಿಷ. ಅದು ಕಡಿಮೆಯೆಂದು ಮನೆಯಲ್ಲಿ ಗೊಣಗಾಟ ಇದ್ದೇ ಇದೆ, ಆದರೆ ಆ ಇಪ್ಪತ್ತೈದು ನಿಮಿಷ ಪೂರ್ತಿ ಓದಿಗೇ ಸಲ್ಲುತ್ತದೆ. ದಂಡನೆಯ ಸಾಧನವಾಗಿ ಬಳಸುವುದಾದರೆ ಈ ಪೆಟ್ಟಿಗೆಗಿಂತ ಅಪ್ಪನ ಬೀರುವೇ ಅಗ್ಗ.

ಪೆಟ್ಟಿಗೆ ಬಗೆಹರಿಸಲಾರದ ಒಂದು ತೊಡಕು ನಮ್ಮ ಶಾಲಾ ಕಾಲೇಜುಗಳ ಇಂದಿನ ರೀತಿಯಲ್ಲೇ ಇದೆ. ನೋಟ್ಸ್ ಬರುವುದು ವಾಟ್ಸ್ಆ್ಯಪ್ ಗುಂಪಿನಲ್ಲಿ, ಸಂದೇಹ ಕೇಳುವುದೂ ಅಲ್ಲೇ, ಅರ್ಥವಾಗದ ಪಾಠಕ್ಕೆ ಯೂಟ್ಯೂಬ್. ಪಠ್ಯಪುಸ್ತಕದಲ್ಲಿಯೇ ದೀಕ್ಷಾ ಜಾಲತಾಣಕ್ಕೆ ಕರೆದೊಯ್ಯುವ ಕ್ಯೂಆರ್ ಕೋಡ್ ಅಚ್ಚಾಗಿರುತ್ತದೆ. ಹೀಗಿರುವಾಗ ಓದಲು ಫೋನು ಬೇಕು ಎಂಬ ಮಾತು ಯಾವಾಗಲೂ ನೆಪವಲ್ಲ. ನಾವು ಕಂಡುಕೊಂಡ ದಾರಿ ಎಂದರೆ, ಬೀಗ ಹಾಕುವ ಮೊದಲು ಅಂದಿನ ಓದಿಗೆ ಬೇಕಾದದ್ದನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಳ್ಳುವುದು ಅಥವಾ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವುದು, ಮತ್ತು ಓದುವಾಗ ಎದ್ದ ಸಂದೇಹಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟು ಬೀಗ ತೆರೆದ ಮೇಲೆ ಒಟ್ಟಿಗೆ ಹುಡುಕುವುದು. ಆ ಹಾಳೆಯ ಅರ್ಧದಷ್ಟು ಸಂದೇಹಗಳು ಮುಂದಿನ ಪುಟ ಓದುವಷ್ಟರಲ್ಲಿ ತಾವಾಗಿಯೇ ಪರಿಹಾರವಾಗಿರುತ್ತವೆ ಎಂಬುದು ಮಗಳ ಅನುಭವ. ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವ ದಿನ ಮಾತ್ರ ಯಾವ ತೊಡಕೂ ಇಲ್ಲ: ಮೂರು ಗಂಟೆಗಳ ಅವಧಿಗೆ ಬೀಗ ಹಾಕಿದರೆ ಪೆಟ್ಟಿಗೆಯೇ ಪರೀಕ್ಷಾ ಕೊಠಡಿಯ ಗಡಿಯಾರವೂ ಆಗುತ್ತದೆ.

ನಾವು ಕೊಂಡ ಪೆಟ್ಟಿಗೆಯ ಹೊರಕವಚದ ಮೇಲೆ 21 ದಿನಗಳಲ್ಲಿ ಹೊಸ ಅಭ್ಯಾಸ ಎಂಬ ಭರವಸೆಯನ್ನು ಅಚ್ಚು ಹಾಕಿದ್ದರು. ಇದನ್ನು ನಂಬಿ ಕೊಳ್ಳಬಾರದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, ದಿನವೂ ಮಾಡುವ ಒಂದು ಕೆಲಸ ತಾನಾಗಿಯೇ ನಡೆಯುವಷ್ಟು ರೂಢಿಯಾಗಲು ಸರಾಸರಿ 66 ದಿನಗಳು ಬೇಕಾಗುತ್ತವೆ. ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254ರವರೆಗೆ ಹರಡಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ದೊಡ್ಡ ನಷ್ಟವೇನೂ ಆಗಲಿಲ್ಲ ಎಂಬುದನ್ನೂ ಅದೇ ಅಧ್ಯಯನ ಕಂಡುಕೊಂಡಿತು. ಅಂದರೆ ಪರೀಕ್ಷೆಗೆ ಮೂರು ವಾರ ಇರುವಾಗ ಈ ಪೆಟ್ಟಿಗೆ ತಂದರೆ ಅಷ್ಟು ದಿನ ಫೋನು ದೂರವಿದ್ದೀತು, ಅಭ್ಯಾಸ ಬೆಳೆಯುವುದು ಸಂಶಯ. ಜೂನ್ ತಿಂಗಳಲ್ಲಿ ತಂದವರಿಗೆ ಹೆಚ್ಚು ಪ್ರಯೋಜನವಾದೀತು.

ಕುಂದುಗಳೂ ಇವೆ. ಗುಂಡಿ ತಿರುಗಿಸುವಾಗ ನಿಮಿಷದ ಬದಲು ಗಂಟೆ ಆಯ್ಕೆಯಾಗುವುದು ಸುಲಭ, ಐದು ಸೆಕೆಂಡು ದಾಟಿದರೆ ತಿದ್ದುವ ದಾರಿಯಿಲ್ಲ. ನಮ್ಮ ಪೆಟ್ಟಿಗೆಯಲ್ಲಿ ಬ್ಯಾಟರಿ ತೆಗೆದರೆ ಎಣಿಕೆ ನಿಲ್ಲುತ್ತದೆಯೇ ಹೊರತು ಬೀಗ ತೆರೆಯುವುದಿಲ್ಲ, ಆದ್ದರಿಂದ ಒಂದು ಜೊತೆ ಬ್ಯಾಟರಿ ಮನೆಯಲ್ಲಿ ಇಟ್ಟಿರಲೇಬೇಕು. ಪ್ಲಾಸ್ಟಿಕ್ ಗಟ್ಟಿಯಾಗಿದೆ, ಆದರೆ ಹಟಕ್ಕೆ ಬಿದ್ದವರು ಸುತ್ತಿಗೆಯಿಂದ ಒಡೆಯಬಹುದು. ಹಾಸ್ಟೆಲ್ಲಿನಲ್ಲಿ ಅಥವಾ ಪಿಜಿಯಲ್ಲಿ ಒಬ್ಬರೇ ಇರುವ ವಿದ್ಯಾರ್ಥಿಗಳಿಗೆ ನಾನು ಇದನ್ನು ಸಲಹೆ ಮಾಡುವುದಿಲ್ಲ, ಏಕೆಂದರೆ ತುರ್ತು ಕರೆ ಮಾಡಲು ಪಕ್ಕದಲ್ಲಿ ಇನ್ನೊಂದು ಫೋನು ಇರುತ್ತದೆಂಬ ಖಾತ್ರಿಯಿಲ್ಲ. ಮನೆಯಲ್ಲಿ ಹಿರಿಯರ ಫೋನು ಇರುವವರು ಕೊಳ್ಳಬಹುದು. ಆರ್ಡರ್ ಮಾಡುವ ಮೊದಲು ಪೆಟ್ಟಿಗೆಯ ಒಳ ಅಳತೆಯನ್ನು ಟೇಪು ಹಿಡಿದು ಫೋನಿಗೆ ಹೋಲಿಸಿಕೊಳ್ಳಿ. ಈಗಿನ ದೊಡ್ಡ ಫೋನುಗಳು ಹಿಂಬದಿಯ ಕವರ್ ಕಳಚಿದರೆ ಮಾತ್ರ ನಮ್ಮದರೊಳಗೆ ಹಿಡಿಸುತ್ತವೆ.