ಹಳೇ ಬ್ಯಾಂಕಿನ ಹೊಸ ಆ್ಯಪ್: ಹಗಲಲ್ಲಿ ಸೊಗಸು, ರಾತ್ರಿ ತಿಣುಕಾಟ

ಶಾಖೆಗಳನ್ನೇ ನಂಬಿ ಬೆಳೆದ ಬ್ಯಾಂಕುಗಳೂ ಈಗ ಆ್ಯಪ್ ಕೊಡುತ್ತಿವೆ. ಲಾಗಿನ್ ಸಲೀಸು, ಬ್ಯಾಲೆನ್ಸ್ ತಕ್ಷಣ ಕಾಣುತ್ತದೆ. ಅಷ್ಟಕ್ಕೆ ಪೂರ್ತಿ ಅಂಕ. ನಿಜವಾದ ಪರೀಕ್ಷೆ ನಡುರಾತ್ರಿಯದು.

ಹಲವು ಬ್ಯಾಂಕುಗಳಲ್ಲಿ ಆ ಹೊತ್ತಿಗೆ ಕೋರ್ ಬ್ಯಾಂಕಿಂಗ್‌ನ, ಅಂದರೆ ಎಲ್ಲ ಖಾತೆಗಳ ಲೆಕ್ಕ ಇಡುವ ಮೂಲ ವ್ಯವಸ್ಥೆಯ, ದಿನದ ಕೊನೆಯ ಕೆಲಸ (ಡೇ ಎಂಡ್) ಓಡುತ್ತಿರುತ್ತದೆ: ಬಡ್ಡಿ ಲೆಕ್ಕ, ಕಂತು ಕಡಿತ, ಲೆಡ್ಜರ್ ತಾಳೆ. ಕೆಲವೆಡೆ ಇದು ಇನ್ನೂ 1959ರಲ್ಲಿ ಶುರುವಾದ ಕೋಬಾಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲೇ ಇದೆ. ಅದು ಮುಗಿಯುವ ತನಕ ಆ್ಯಪ್‌ನಲ್ಲಿ ಕಾಣುವುದು ಬ್ಯಾಲೆನ್ಸ್‌ನ ನಕಲು. ಆಗ ಹಣ ಕಳಿಸಿದರೆ ಖಾತೆಯಿಂದ ಕಡಿತವಾಗಿ, ಆಚೆಯ ಬ್ಯಾಂಕಿನ ಉತ್ತರ ಬರುವಷ್ಟರಲ್ಲಿ ಕಾಯುವ ಅವಧಿ ಮುಗಿದು ಟೈಮ್‌ಔಟ್ ಆಗಬಹುದು. ಪರದೆಯ ಮೇಲೆ 'ವಿಫಲ'. ಗ್ರಾಹಕರು ಮತ್ತೆ ಒತ್ತುತ್ತಾರೆ. ಮೊದಲ ಕೋರಿಕೆಯ ಗುರುತು ಸಂಖ್ಯೆಯನ್ನೇ ಎರಡನೆಯದಕ್ಕೂ ಅಂಟಿಸಿ ತಡೆಯುವ ಏರ್ಪಾಡಿಲ್ಲದಿದ್ದರೆ ಎರಡು ಸಲ ಕಡಿತ. ಹಣ ವಾಪಸ್ಸಾಗಲು ಎರಡೂ ಬ್ಯಾಂಕಿನ ಫೈಲುಗಳು ತಾಳೆಯಾಗಬೇಕು. ಆದ್ದರಿಂದ ಮೊದಲು ಸ್ಟೇಟ್‌ಮೆಂಟ್ ನೋಡಿ, ರೆಫರೆನ್ಸ್ ನಂಬರ್ ಬರೆದಿಟ್ಟುಕೊಳ್ಳಿ, ಆಮೇಲೆ ಇನ್ನೊಂದು ಯತ್ನ. ಚೆನ್ನಾಗಿ ಕಟ್ಟಿದ ಆ್ಯಪ್ ಇಂಥಲ್ಲಿ 'ವಿಫಲ' ಎನ್ನದೆ 'ಬಾಕಿ' ಎಂದು ತೋರಿಸುತ್ತದೆ.

ಕೋರ್ ಬದಲಿಸುವುದು ಸುಲಭವಲ್ಲ. 2018ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ ಹೊಸ ವ್ಯವಸ್ಥೆಗೆ ಹಾರಿತು. ದತ್ತಾಂಶ ಸರಿಯಾಗೇ ಸಾಗಿತು, ವ್ಯವಸ್ಥೆ ಮುಗ್ಗರಿಸಿತು. 2022ರಲ್ಲಿ ಬಿದ್ದ ದಂಡ 4.865 ಕೋಟಿ ಪೌಂಡ್.

ಇನ್ನು ಬಡ್ಡಿ. ಉಳಿತಾಯ ಖಾತೆಯಲ್ಲಿ ಸುಮ್ಮನೆ ಬಿದ್ದಿರುವ ಹಣಕ್ಕೆ ಪುಡಿಗಾಸು ಕೊಟ್ಟು, ಅದನ್ನೇ ಹೆಚ್ಚಿನ ದರಕ್ಕೆ ಸಾಲ ಕೊಡುವುದು ಬ್ಯಾಂಕಿನ ಹಳೇ ಕಸುಬು. ಆ ಹಣ ಅಲುಗದಂತೆ ಹಿಡಿದಿಟ್ಟಿದ್ದು ಫಾರ್ಮು, ಕ್ಯೂ, ಸಹಿ. (ಗ್ರಾಹಕರ ನಿಷ್ಠೆ ಎಂದು ಬ್ಯಾಂಕಿನವರು ಕರೆಯುತ್ತಿದ್ದುದು ಬಹುಪಾಲು ಇದನ್ನೇ.) ಈಗ ಬ್ಯಾಂಕಿನದೇ ಆ್ಯಪ್ ಆ ಬೇಲಿ ಕಿತ್ತಿದೆ, ಎಲ್ಲಿ ಬಡ್ಡಿ ಜಾಸ್ತಿಯೋ ಅಲ್ಲಿಗೆ ಹಣ ಹೊರಡುತ್ತದೆ. ಭಯ ಹಬ್ಬಿದರಂತೂ ಕೇಳಲೇಬೇಡಿ: 2023ರ ಮಾರ್ಚ್ 9ರಂದು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಒಂದೇ ದಿನ ಸುಮಾರು 4,200 ಕೋಟಿ ಡಾಲರ್ ಹೊರಹೋಯಿತು. ಅಲ್ಲಿನ ಠೇವಣಿಗಳಲ್ಲಿ ಹೆಚ್ಚಿನವಕ್ಕೆ ವಿಮೆ ಇರಲಿಲ್ಲ, ನಿಜ. ಆದರೆ ಆ ವೇಗಕ್ಕೆ ಫೋನೂ ಒಂದು ಕಾರಣ.

ಹಾಗಾಗಿ ಕೆಲವು ಬ್ಯಾಂಕುಗಳು ಹೊಸ ಬೇಲಿ ಹಾಕುತ್ತವೆ. ಖಾತೆ ತೆರೆಯುವ ಗುಂಡಿ ಮುಖಪುಟದಲ್ಲೇ ಇರುತ್ತದೆ, ಮುಚ್ಚುವುದಕ್ಕೆ 'ಶಾಖೆಗೆ ಬನ್ನಿ'. ಆ್ಯಪ್ ಒಪ್ಪಿಕೊಳ್ಳುವ ಮುನ್ನ ಇದೊಂದನ್ನು ಹುಡುಕಿ ನೋಡಿ. ಖಾತೆದಾರರು ತೀರಿಕೊಂಡಾಗ ವಾರಸುದಾರರ ಕೆಲಸಕ್ಕೆ ಮಾತ್ರ ಶಾಖೆಯೇ ವಾಸಿ. ಕೌಂಟರಿನವರು ಕಾಗದ ತಿರುವಿ, ಏನು ಕಡಿಮೆ ಇದೆ ಎಂದು ಅಲ್ಲೇ ಹೇಳುತ್ತಾರೆ.