ಎಲೆಕ್-ಟ್ರಾಕ್‌ಗೆ ಹೊಸ ಬ್ಯಾಟರಿ: ಸೀಸವೋ, ಲಿಥಿಯಮ್ಮೋ?

ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯು 1969ರ ಸುಮಾರಿಗೆ ತಯಾರಿಸಲಾರಂಭಿಸಿದ, ಬ್ಯಾಟರಿಯಿಂದ ಓಡುವ ಎಲೆಕ್-ಟ್ರಾಕ್ ತೋಟದ ಟ್ರ್ಯಾಕ್ಟರುಗಳಲ್ಲಿ, 6 ವೋಲ್ಟಿನ ಆರು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 36 ವೋಲ್ಟ್ ಪಡೆಯುವ ಮಾದರಿಗಳೇ ಹೆಚ್ಚು ಪ್ರಸಿದ್ಧ. ಅವುಗಳಿಗೆ ಇಂದು ಸುಲಭವಾಗಿ ಹೊಂದುವುದು ಗಾಲ್ಫ್ ಕಾರ್ಟಿನ ಸೀಸ-ಆಮ್ಲ ಬ್ಯಾಟರಿ.

ಒಂದೊಂದೂ ಸುಮಾರು 28 ಕೆ.ಜಿ. ತೂಗುವ ಇವುಗಳ ಸಾಮರ್ಥ್ಯ ಸಾಮಾನ್ಯವಾಗಿ 225 ಆಂಪಿಯರ್-ಅವರ್ ಆಸುಪಾಸಿನದು. ಆದರೆ ಆ ಅಂಕಿ ಇಪ್ಪತ್ತು ಗಂಟೆಗಳ ನಿಧಾನ ಬಳಕೆಯದಾದ್ದರಿಂದ, ಹುಲ್ಲು ಕತ್ತರಿಸುವ ಭಾರಕ್ಕೆ ಅಷ್ಟು ದಕ್ಕುವುದಿಲ್ಲ, ಜೊತೆಗೆ ಬಾಳಿಕೆ ಬೇಕೆಂದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು. ಭಟ್ಟಿ ಇಳಿಸಿದ ನೀರನ್ನು ಆಗಾಗ ತುಂಬಿಸಬೇಕು, ಟರ್ಮಿನಲ್ಲುಗಳಲ್ಲಿ ಕಟ್ಟುವ ಬಿಳಿ-ಹಸಿರು ಪುಡಿಯನ್ನು ಅಡುಗೆ ಸೋಡಾದ ನೀರಿನಿಂದ ತೊಳೆಯಬೇಕು.

ಸೀಸ-ಆಮ್ಲದ್ದೇ ಮುಚ್ಚಿದ ಬಗೆಯಾದ ಎಜಿಎಂ ಬ್ಯಾಟರಿಗೆ ಈ ರಗಳೆಯಿಲ್ಲ, ಬೆಲೆ ಮಾತ್ರ ಹೆಚ್ಚು. ಅತಿಯಾಗಿ ಚಾರ್ಜ್ ಮಾಡಿದರೆ ಕಳೆದುಹೋದ ನೀರನ್ನು ಮರಳಿ ತುಂಬಲಾಗದು.

ಲಿಥಿಯಂ ಐರನ್ ಫಾಸ್ಫೇಟ್‌ನ ಹನ್ನೆರಡು ಕೋಶಗಳು ಸೇರಿದರೆ 38.4 ವೋಲ್ಟ್. ಸಾಮರ್ಥ್ಯದ ಬಹುಪಾಲನ್ನು ನಿಶ್ಚಿಂತೆಯಿಂದ ಬಳಸಬಹುದು, ಆಯುಷ್ಯವೂ ದೀರ್ಘ. ಆದರೆ ಹಳೆಯ ಚಾರ್ಜರನ್ನು ಬದಲಿಸಲೇಬೇಕು. ಕೋಶಗಳನ್ನು ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆಯಾದ ಬಿಎಂಎಸ್, ಮೋಟರಿನ ಆರಂಭದ ಪ್ರವಾಹವನ್ನು ತಾಳುವಂತಿರಬೇಕು. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಕೂಡದು. ಇನ್ನು, ಸೀಸದ ತೂಕವೇ ಈ ಟ್ರ್ಯಾಕ್ಟರಿನ ಹಿಡಿತಕ್ಕೆ ನೆರವಾಗುವುದರಿಂದ, ಹಗುರ ಬ್ಯಾಟರಿ ಹಾಕಿದವರು ಕೆಲವೊಮ್ಮೆ ಕಬ್ಬಿಣದ ತೂಕ ಕಟ್ಟಬೇಕಾಗುತ್ತದೆ!

ವಾರಕ್ಕೊಮ್ಮೆ ಹುಲ್ಲು ಕತ್ತರಿಸುವವರಿಗೆ ಗಾಲ್ಫ್ ಕಾರ್ಟಿನ ಬ್ಯಾಟರಿಯೇ ಸಾಕೆಂಬುದು ನನ್ನ ಅಭಿಪ್ರಾಯ; ದಿನವೂ ದುಡಿಸುವವರು ಲಿಥಿಯಂ ಕೊಳ್ಳಲಿ.