ಸಾಲದ ಕರಾರಿನ ಪ್ರತಿ ಕೇಳಲು ಹೋದವರು ಹೊಸ ಕಾಗದಕ್ಕೆ ಸಹಿ ಹಾಕಿ ಬರಬೇಡಿ

ಬ್ಯಾಂಕಿನಲ್ಲಿ ಸಾಲದ ಕರಾರಿನ ಪ್ರತಿ ಕೇಳಿದರೆ ಮೊದಲು ಕೈಗೆ ಬರುವುದು ಸ್ಟೇಟ್‌ಮೆಂಟ್. ಇದಲ್ಲ ಅಂದರೆ ಸ್ಯಾಂಕ್ಷನ್ ಲೆಟರ್. ಅದೂ ಅಲ್ಲ ಅಂದರೆ ‘ಫೈಲು ಲೋನ್ ಸೆಂಟರಿನಲ್ಲಿದೆ, ಮುಂದಿನ ವಾರ ಬನ್ನಿ’. ಹೀಗೆ ಅಲೆಸಿ ಅಲೆಸಿ ಒಂದು ದಿನ ಅವರೇ ಕರೆದು ಕೂರಿಸಿ, ಒಂದು ಕಟ್ಟು ಕಾಗದ ಮುಂದಿಟ್ಟು, ‘ಪೆನ್ಸಿಲ್ ಗುರುತು ಇರೋ ಕಡೆ ಸಹಿ ಹಾಕಿ, ಜೆರಾಕ್ಸ್ ಕೊಟ್ಟುಬಿಡ್ತೀವಿ’ ಅನ್ನುತ್ತಾರೆ. ಜನ ಎಡವುವುದು ಇಲ್ಲೇ.

ಪ್ರತಿ ಪಡೆಯಲು ಸಾಲದ ಯಾವ ಹೊಸ ಕಾಗದಕ್ಕೂ ಸಹಿ ಬೇಕಿಲ್ಲ. ಅರ್ಜಿ, ಗುರುತಿನ ಚೀಟಿ, ಸ್ವೀಕೃತಿ ಸಹಿ ಸಾಕು. ಆ ಕಟ್ಟಿನಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಕಾಗದ ಇರುತ್ತವೆ. ಒಂದು, ಹೊಸ ಕರಾರು: ಹಳೆಯದು ಕಳೆದಿದೆ, ಇಲ್ಲವೇ ಅದರ ಖಾನೆಗಳನ್ನು ಖಾಲಿ ಬಿಟ್ಟಿದ್ದು ಈಗ ನೆನಪಾಗಿದೆ. ಇನ್ನೊಂದು, ‘ಇಷ್ಟು ಸಾಲ ಬಾಕಿ ಇದೆ ಎಂದು ಒಪ್ಪುತ್ತೇನೆ’ ಎಂಬ ಪತ್ರ. ಬ್ಯಾಂಕಿನವರು ಇದನ್ನು ರಿವೈವಲ್ ಲೆಟರ್ ಅನ್ನುತ್ತಾರೆ. 1963ರ ಲಿಮಿಟೇಶನ್ ಕಾಯ್ದೆಯ 18ನೇ ಕಲಂ ಪ್ರಕಾರ, ಬಾಕಿಗಾಗಿ ಬ್ಯಾಂಕು ಕೋರ್ಟಿಗೆ ಹೋಗಲು ಇರುವ ಕಾಲಮಿತಿ ಮುಗಿಯುವ ಮೊದಲು ಇದಕ್ಕೆ ಸಹಿ ಬಿದ್ದರೆ ಗಡುವಿನ ಎಣಿಕೆ ಅಂದಿನಿಂದ ಹೊಸದಾಗಿ ಶುರು. ಪತ್ರ ಅಕ್ರಮವೇನಲ್ಲ. ಆದರೆ ಬಾಕಿಯ ಅಂಕಿಯ ಬಗ್ಗೆ ನಿಮಗೆ ತಕರಾರಿದ್ದರೆ, ಆ ಅಂಕಿಯನ್ನೇ ಒಪ್ಪಿಕೊಂಡು ಬಂದಂತಾಗುತ್ತದೆ. ಸಹಿ ಹಾಕುವುದಿದ್ದರೂ ಅಂಕಿ ತಾಳೆ ನೋಡಿದ ಮೇಲೆ, ಬೇರೆ ದಿನ.

ಕರಾರಿನಲ್ಲಿ ನೋಡಬೇಕಾದ್ದು ಶೆಡ್ಯೂಲ್. ಮಿಕ್ಕ ಇಪ್ಪತ್ತು ಮೂವತ್ತು ಪುಟ ಎಲ್ಲ ಗ್ರಾಹಕರಿಗೂ ಒಂದೇ ಅಚ್ಚು. ಸಾಲದ ಮೊತ್ತ, ಬಡ್ಡಿ ಸ್ಥಿರವೋ ಬದಲಾಗುವಂಥದ್ದೋ, ರೆಪೊ ದರದ (ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ದರ) ಮೇಲೆ ಬ್ಯಾಂಕು ಸೇರಿಸುವ ಸ್ಪ್ರೆಡ್ ಎಷ್ಟು, ಎಷ್ಟು ತಿಂಗಳಿಗೊಮ್ಮೆ ಮರುನಿಗದಿ, ದಂಡ ಎಷ್ಟು, ಅವಧಿಗೆ ಮುಂಚೆ ತೀರಿಸಿದರೆ ಶುಲ್ಕ ಇದೆಯೇ, ಎಲ್ಲ ಕೂತಿರುವುದು ಆ ಒಂದೆರಡು ಪುಟದ ಚೌಕಗಳಲ್ಲಿ. ಸಹಿ ಹಾಕಿಸುವ ದಿನ ಈ ಚೌಕಗಳು ಖಾಲಿ. ಆಮೇಲೆ ಯಾರೋ ಬೇರೆ ಶಾಯಿಯಲ್ಲಿ ತುಂಬುತ್ತಾರೆ. ‘ಅಗ್ರಿಮೆಂಟ್ ಕಾಪಿ ಕೊಡಿ’ ಎಂದಷ್ಟೇ ಬರೆದರೆ ಅಚ್ಚಿನ ಪುಟಗಳನ್ನು ಮಾತ್ರ ಕೊಟ್ಟು ಕೈತೊಳೆದುಕೊಳ್ಳುತ್ತಾರೆ.

ಅರ್ಜಿಯಲ್ಲಿ ಸಾಲದ ಖಾತೆ ಸಂಖ್ಯೆ, ಮಂಜೂರಾದ ದಿನಾಂಕ ಹಾಕಿ ಹೀಗೆ ಕೇಳಿ: ‘ಎರಡೂ ಕಡೆಯವರ ಸಹಿ ಇರುವ ಸಾಲದ ಕರಾರು, ಭರ್ತಿಯಾದ ಶೆಡ್ಯೂಲ್, ಕರಾರಿನಲ್ಲಿ ಹೆಸರಿಸಿರುವ ಎಲ್ಲ ಲಗತ್ತುಗಳು, ಜಾಮೀನು ಪತ್ರ, ಹೈಪಾಥಿಕೇಶನ್ (ವಾಹನದಂಥ ಚರಾಸ್ತಿಯ ಒತ್ತೆ) ಅಥವಾ ಅಡಮಾನ ಪತ್ರ.’ ಸಾಲ ಮಂಜೂರಾಗುವಾಗ ಅಥವಾ ಹಣ ಬಿಡುಗಡೆಯಾಗುವಾಗ ಕರಾರಿನ ಪ್ರತಿಯನ್ನು ಲಗತ್ತುಗಳ ಸಮೇತ ಎಲ್ಲ ಸಾಲಗಾರರಿಗೂ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನ್ಯಾಯಯುತ ವ್ಯವಹಾರ ಸಂಹಿತೆ ಹೇಳುತ್ತದೆ. ಅರ್ಜಿಯಲ್ಲಿ ಅದನ್ನೂ ಒಂದು ಸಾಲು ಬರೆಯಿರಿ. ಚಿಲ್ಲರೆ ಸಾಲ (ಮನೆ, ವಾಹನ, ವೈಯಕ್ತಿಕ ಸಾಲದಂಥದ್ದು) 2024ರ ಅಕ್ಟೋಬರ್ 1ರಂದು ಅಥವಾ ನಂತರ ಮಂಜೂರಾಗಿದ್ದರೆ ಸಾಲದ ಮುಖ್ಯ ವಿವರಗಳ ಪಟ್ಟಿಯಾದ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟನ್ನೂ ಕೇಳಿ. ಅದು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು. ಕನ್ನಡದಲ್ಲಿ ಕೇಳುವುದು ದಾಕ್ಷಿಣ್ಯದ ವಿಷಯವಲ್ಲ.

ಅರ್ಜಿ ಎರಡು ಪ್ರತಿ ಇರಲಿ, ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಬೀಳಲಿ. ಸೀಲು ಹಾಕಲು ಒಲ್ಲೆ ಅಂದರೆ ವಾದ ಮಾಡದೆ ಎದ್ದು ಬನ್ನಿ. ಸ್ವೀಕೃತಿ ಸಿಗುವ ಅಂಚೆಯಲ್ಲಿ ಕಳಿಸಿ, ಬ್ಯಾಂಕಿನ ದೂರು ವಿಭಾಗಕ್ಕೂ ಇಮೇಲ್ ಮಾಡಿ ದೂರು ಸಂಖ್ಯೆ ತೆಗೆದುಕೊಳ್ಳಿ. ಕೌಂಟರಿನಲ್ಲಿ ಆರು ತಿಂಗಳು ಬಾಯಿಮಾತಿನಲ್ಲಿ ಕೇಳಿದ್ದು ಓಂಬುಡ್ಸ್‌ಮನ್ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ) ಲೆಕ್ಕದಲ್ಲಿ ಸೊನ್ನೆ. ಓಂಬುಡ್ಸ್‌ಮನ್ ಯೋಜನೆಯಲ್ಲಿ ಮೊದಲು ಬ್ಯಾಂಕಿಗೆ ಲಿಖಿತ ದೂರು ಹೋಗಿರಬೇಕು, 30 ದಿನ ಉತ್ತರ ಬಂದಿರಬಾರದು ಅಥವಾ ಬಂದ ಉತ್ತರ ಸರಿಯಿರಬಾರದು. ಇಷ್ಟಾದ ಮೇಲೆ ರಿಸರ್ವ್ ಬ್ಯಾಂಕಿನ ಸಿಎಂಎಸ್ ಎಂಬ ದೂರು ಪೋರ್ಟಲಿನಲ್ಲಿ ಖರ್ಚಿಲ್ಲದೆ ದೂರು ಕೊಡಬಹುದು. ವಕೀಲರ ಮೂಲಕ ಕೊಟ್ಟರೆ ತಿರಸ್ಕಾರ. ಅದೇ ವಿಷಯ ಕೋರ್ಟಿನಲ್ಲಿದ್ದರೂ ಅಷ್ಟೇ.

ಸರ್ಕಾರಿ ಬ್ಯಾಂಕಾದರೆ ಜೊತೆಜೊತೆಗೇ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ. ಪುಟಕ್ಕೆ 2 ರೂಪಾಯಿ, ಗಡುವು 30 ದಿನ. ನಿಮ್ಮದೇ ಖಾತೆಯ ಕಾಗದ, ‘ಮೂರನೆಯವರ ಮಾಹಿತಿ’ ಎಂಬ ನೆಪ ನಿಲ್ಲುವುದಿಲ್ಲ. ಖಾಸಗಿ ಬ್ಯಾಂಕಿಗೆ ಈ ದಾರಿಯಿಲ್ಲ. ಸಾಲ ಕೊಟ್ಟದ್ದು ಸೌಹಾರ್ದ ಅಥವಾ ಪತ್ತಿನ ಸಹಕಾರ ಸಂಘವಾದರೆ ಓಂಬುಡ್ಸ್‌ಮನ್‌ಗೆ ಬರೆದು ತಿಂಗಳು ಕಳೆಯಬೇಡಿ. ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇಲ್ಲದಿದ್ದರೆ ಬೋರ್ಡಿನ ಮೇಲೆ ಏನೇ ಇರಲಿ ಅದು ಬ್ಯಾಂಕಲ್ಲ, ಸಹಕಾರ ಇಲಾಖೆಯ ಕಚೇರಿಗೇ ಹೋಗಬೇಕು.

ಕರಾರು ಕೈಗೆ ಬರುವ ತನಕ ಕಂತು ನಿಲ್ಲಿಸಬಹುದು ಎಂಬ ಸಲಹೆಯೊಂದು ವಿಡಿಯೋಗಳಲ್ಲಿ ಓಡಾಡುತ್ತದೆ. ಅದರ ಬೇರು ಬ್ರಿಟನ್ನಿನ 1974ರ ಕನ್ಸ್ಯೂಮರ್ ಕ್ರೆಡಿಟ್ ಕಾಯ್ದೆ. ಅಲ್ಲಿ ಒಂದು ಪೌಂಡ್ ಕಟ್ಟಿ ಕೇಳಿದ ಮೇಲೆ 12 ಕೆಲಸದ ದಿನದಲ್ಲಿ ಪ್ರತಿ ಕೊಡದಿದ್ದರೆ, ಕೊಡುವ ತನಕ ಸಾಲದಾತ ಆ ಕರಾರನ್ನು ಕೋರ್ಟಿನಲ್ಲಿ ಜಾರಿ ಮಾಡಿಸಲಾರ. ನಮ್ಮಲ್ಲಿ ಅಂಥ ಕಾನೂನಿಲ್ಲ. ಕಂತು ತಪ್ಪಿದರೆ ದಂಡ ಬೀಳುತ್ತದೆ, ಸಿಬಿಲ್ ಅಂಕ ಕುಸಿಯುತ್ತದೆ, 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲದ ಪಟ್ಟಿಗೆ. ಅಡಮಾನದ ಸಾಲಕ್ಕೆ ಸರ್ಫೇಸಿ ಕಾಯ್ದೆಯ (ಕೋರ್ಟಿಗೆ ಹೋಗದೆಯೇ ಅಡಮಾನದ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವ ಕಾನೂನು) 13(2) ನೋಟಿಸು ಈಗಾಗಲೇ ಬಂದಿದ್ದರೆ ಬಾಕಿ ಕಟ್ಟಲು 60 ದಿನದ ಗಡಿಯಾರ ಓಡುತ್ತಿದೆ. ಆಗ ಪ್ರತಿಯ ಬೇಡಿಕೆಯನ್ನು ಆ ನೋಟಿಸಿಗೆ ಕೊಡುವ ಆಕ್ಷೇಪಣೆಯಲ್ಲೇ ಸೇರಿಸಿ. ಆಕ್ಷೇಪಣೆ ಒಪ್ಪದಿದ್ದರೆ ಬ್ಯಾಂಕು 15 ದಿನದಲ್ಲಿ ಕಾರಣ ತಿಳಿಸಬೇಕು.

ಕೊನೆಗೆ ಪ್ರತಿ ಕೊಟ್ಟಾಗ ಸ್ವೀಕೃತಿ ಪುಸ್ತಕದಲ್ಲಿ ‘ದಾಖಲೆ ಸ್ವೀಕರಿಸಿದೆ’ ಎಂದು ಸಹಿ ಕೇಳುತ್ತಾರೆ. ಅಲ್ಲೇ ನಿಂತು ಪುಟ ಎಣಿಸಿ, ಪ್ರತಿ ಪುಟದ ಅಡಿಯ ಸಹಿ ನಿಮ್ಮದೇ ಏನು ನೋಡಿ, ಸ್ಟಾಂಪ್ ಕಾಗದದ ದಿನಾಂಕ ಸಾಲ ಬಿಡುಗಡೆಗೆ ಮುಂಚಿನದೋ ನಂತರದ್ದೋ ಗಮನಿಸಿ. ಶೆಡ್ಯೂಲ್ ಇಲ್ಲದಿದ್ದರೆ ಪುಸ್ತಕದಲ್ಲಿ ಸಹಿಯ ಪಕ್ಕದಲ್ಲೇ ಬರೆಯಿರಿ: ‘28 ಪುಟ ಮಾತ್ರ ಬಂದಿದೆ, ಶೆಡ್ಯೂಲ್ ಕೊಟ್ಟಿಲ್ಲ.’ ಬರೆದ ಪುಟದ ಫೋಟೋ ತೆಗೆದುಕೊಂಡೇ ಹೊರಗೆ ಬನ್ನಿ.